ಒಂದೇ ಗೋದಲಿ, ನಾಲ್ಕು ಊಟ: ಮರಿ ನಿಲ್ಲದ ಒಂದು ಕ್ಯಾಪಿಬಾರಾ ಗುಂಪಿನ ಪ್ರಕರಣ

ಇಲಿ, ಅಳಿಲಿನ ಕುಲದ, ಹುಲ್ಲು ಮೇಯುವ ದೊಡ್ಡ ಪ್ರಾಣಿ ಕ್ಯಾಪಿಬಾರಾ. ಅಂಥ ಐದರ ಗುಂಪು. ಒಂದು ಗಂಡು, ನಾಲ್ಕು ಹೆಣ್ಣು. ಈಜಲು ಕೊಳ ಇದೆ, ನೆರಳಿದೆ, ಜಾಗಕ್ಕೇನೂ ಕೊರತೆಯಿಲ್ಲ. ಗಂಡು ಹೆಣ್ಣುಗಳ ಹಿಂದೆ ಸುತ್ತುತ್ತದೆ. ನೀರಿನಲ್ಲಿ ಕೂಡುವುದನ್ನು ಪಾಲಕರು ಕಣ್ಣಾರೆ ಕಂಡಿದ್ದಾರೆ. ಆದರೂ ಎರಡು ವರ್ಷದಲ್ಲಿ ಒಂದು ಮರಿಯೂ ಉಳಿದಿಲ್ಲ. ಒಂದು ಹೆಣ್ಣು ಗಬ್ಬ ಕಟ್ಟಿ, ದಿನ ತುಂಬುವ ಮೊದಲೇ ಕಂದು ಹಾಕಿತು. ಇನ್ನೊಂದು ಸತ್ತ ಮರಿಗಳನ್ನು ಈದಿತು. ಮೂರನೆಯದು ಬೆದೆಗೆ ಬಂದ ಲಕ್ಷಣವೇ ಇಲ್ಲ. ನಾಲ್ಕನೆಯದು ವಯಸ್ಸಿಗೆ ಬಂದಿದೆ, ಮೈ ಮಾತ್ರ ಬಂದಿಲ್ಲ.

ಒಂದು ಮಾತು ಮೊದಲೇ ಹೇಳಬೇಕು. ಇದು ಯಾವುದೋ ಒಂದು ಮೃಗಾಲಯದ ಕಡತದಿಂದ ತೆಗೆದ ವರದಿಯಲ್ಲ. ಸಾಕಿದ ಕ್ಯಾಪಿಬಾರಾಗಳಲ್ಲಿ ಕಾಣುವ ಮೇವಿನ ತೊಂದರೆಗಳನ್ನು ಒಂದೇ ಗುಂಪಿಗೆ ತಂದು, ಕಲಿಯುವ ಸಲುವಾಗಿ ಕಟ್ಟಿದ ಪ್ರಕರಣ. ಗುಂಪು ಕಲ್ಪನೆಯದು. ಪ್ರಾಣಿಯ ದೇಹ, ಮೇವು, ಗಬ್ಬದ ಬಗ್ಗೆ ಬರುವ ಸಂಗತಿಗಳು ಕಲ್ಪನೆಯವಲ್ಲ.

ಇಂಥ ಗುಂಪು ಎದುರಾದಾಗ ಎಲ್ಲರ ಬೆರಳೂ ಮೊದಲು ಗಂಡಿನ ಕಡೆ ಹೋಗುತ್ತದೆ. ಈ ಗುಂಪಿನಲ್ಲೂ ಹಾಗೇ ಆಯಿತು. ಬೇರೆ ಗಂಡು ತರಿಸೋಣ ಎಂಬ ಮಾತು ಬಂತು. ಆಮೇಲೆ ಸೋಂಕಿನ ಅನುಮಾನ ಬಂತು. ಕಂದು ಹಾಕಿದಾಗ ಲೆಪ್ಟೋಸ್ಪೈರಾ, ಬ್ರುಸೆಲ್ಲಾ, ಟಾಕ್ಸೋಪ್ಲಾಸ್ಮಾ ಎಂಬ ರೋಗಾಣುಗಳಿಗಾಗಿ ಪರೀಕ್ಷೆ ಮಾಡಿಸಲೇಬೇಕು. ಅದು ಸರಿಯಾದ ಹೆಜ್ಜೆ. ಪಾಲಕರ ಆರೋಗ್ಯಕ್ಕೂ ಅದು ಸಂಬಂಧಿಸಿದ್ದು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಗಂಡಿನ ಮೂಗಿನ ಮೇಲಿನ ಗ್ರಂಥಿ, ಪ್ರಾಯಕ್ಕೆ ಬಂದ ಗಂಡಿನ ಗುರುತು, ದೊಡ್ಡದಾಗಿ ಉಬ್ಬಿ ಹೊಳೆಯುತ್ತಿತ್ತು. ನಡವಳಿಕೆಯೂ ಸರಿಯಾಗಿತ್ತು. ಜೊತೆಗೆ ಎರಡು ಹೆಣ್ಣುಗಳು ಗಬ್ಬ ಕಟ್ಟಿದ್ದವು ಅಲ್ವಾ? ಗಂಡಿನಲ್ಲಿ ಬೀಜವೇ ಇಲ್ಲ ಎನ್ನುವ ಮಾತಿಗೆ ಅಲ್ಲಿಗೇ ತೆರೆ ಬಿತ್ತು. ಆಗ ಮೇವಿನ ಕಡೆ ನೋಡುವ ಸರದಿ ಬಂತು. ನನ್ನ ಪ್ರಕಾರ ಅದು ಮೊದಲ ದಿನವೇ ಬರಬೇಕಿತ್ತು.

ಈ ಪ್ರಾಣಿ ತಿನ್ನುವುದೇನು

ಕ್ಯಾಪಿಬಾರಾ ದಕ್ಷಿಣ ಅಮೆರಿಕದ್ದು. ಲೋಕದಲ್ಲಿ ಇರುವ ದಂಶಕಗಳಲ್ಲೆಲ್ಲ ದೊಡ್ಡದು. ಬೆಳೆದ ಪ್ರಾಣಿ ಸಾಮಾನ್ಯವಾಗಿ 35ರಿಂದ 66 ಕಿಲೋ ತೂಗುತ್ತದೆ, ಹೆಣ್ಣು ಗಂಡಿಗಿಂತ ಸ್ವಲ್ಪ ಭಾರ. ಗಿನಿಪಿಗ್ ಇದರ ಹತ್ತಿರದ ಬಂಧು. ಕಾಡಿನಲ್ಲಿ ಇದರ ಹೊಟ್ಟೆ ತುಂಬಿಸುವುದು ಹುಲ್ಲು ಮತ್ತು ನೀರಿನ ಗಿಡಗಳು. ದೊಡ್ಡ ಪ್ರಾಣಿ ದಿನಕ್ಕೆ ಸುಮಾರು ಮೂರು ಕಿಲೋ ಹಸಿಹುಲ್ಲು ಮೇಯುತ್ತದೆ. ಹಸುವಿನ ಹಾಗೆ ನಾಲ್ಕು ಕೋಣೆಯ ಹೊಟ್ಟೆ ಇದಕ್ಕಿಲ್ಲ. ನಾರು ಕೊಳೆತು ಜೀರ್ಣವಾಗುವುದು ಹಿಂದಿನ ಭಾಗದಲ್ಲಿ, ಸೀಕಮ್ ಎಂಬ ದೊಡ್ಡ ಕರುಳಿನ ಚೀಲದಲ್ಲಿ. ಅಲ್ಲಿ ಸೂಕ್ಷ್ಮಜೀವಿಗಳು ತಯಾರಿಸಿದ ಪ್ರೋಟೀನು, ಬಿ ವಿಟಮಿನ್‌ಗಳು ಮೈಗೆ ಸಿಗಬೇಕಲ್ಲ, ಅದಕ್ಕೇ ಬೆಳಗಿನ ಹೊತ್ತು ತನ್ನದೇ ಮೆತ್ತನೆಯ ಹಿಕ್ಕೆಯನ್ನು ತಿನ್ನುತ್ತದೆ. ನೋಡುವವರಿಗೆ ಅಸಹ್ಯ ಅನ್ನಿಸಬಹುದು. ಪ್ರಾಣಿಗೆ ಅದು ಊಟದ ಒಂದು ಭಾಗ.

ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಹುಲ್ಲಿನ ಒರಟು ನಾರು ಅವನ್ನು ಸವೆಸಬೇಕು. ಸವೆಯದಿದ್ದರೆ ದವಡೆ ಹಲ್ಲಿನ ಅಂಚು ಚೂಪಾಗಿ ನಾಲಿಗೆಗೆ, ಕೆನ್ನೆಗೆ ಚುಚ್ಚುತ್ತದೆ.

ಇನ್ನೊಂದು ಸಂಗತಿ ಈ ಪ್ರಕರಣದ ಜೀವಾಳ. ಮನುಷ್ಯರ ಹಾಗೆ, ಗಿನಿಪಿಗ್ ಹಾಗೆ, ಕ್ಯಾಪಿಬಾರಾ ಕೂಡ ತನ್ನ ಮೈಯಲ್ಲಿ ವಿಟಮಿನ್ ಸಿ ತಯಾರಿಸಲಾರದು. ಹಸಿಹುಲ್ಲು ಮೇಯುವ ತನಕ ಇದು ಗೊತ್ತೇ ಆಗುವುದಿಲ್ಲ. ಹುಲ್ಲು ಒಣಗಿದರೆ ಅದರಲ್ಲಿದ್ದ ವಿಟಮಿನ್ ಸಿ ಬಹುಮಟ್ಟಿಗೆ ಹೋಗಿಬಿಡುತ್ತದೆ. ಅರ್ಜೆಂಟೀನಾದಲ್ಲಿ ಸಾಕಿದ ಕ್ಯಾಪಿಬಾರಾಗಳಿಗೆ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ರೋಗ, ಬಂದದ್ದರ ಬಗ್ಗೆ 2000ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವಿಟಮಿನ್ ಸಿ ಇಲ್ಲದ ಪೆಲೆಟ್ (ಒತ್ತಿ ಮಾಡಿದ ಕಡ್ಡಿ ಮೇವು) ತಿಂದ ಪ್ರಾಣಿಗಳಲ್ಲಿ ವಸಡು ಊದಿಕೊಂಡು, ಬಾಚಿಹಲ್ಲು ಮುರಿಯುತ್ತಿದ್ದವು.

ಕಾಡಿನ ಗಬ್ಬದ ಲೆಕ್ಕಾಚಾರವನ್ನೂ ನೋಡಿ. ವೆನೆಜುವೆಲಾದ ಹುಲ್ಲು ಬಯಲಿನಲ್ಲಿ ವರ್ಷವಿಡೀ ಕೂಡುತ್ತವೆ ನಿಜ. ಆದರೆ ಅದು ಜಾಸ್ತಿಯಾಗುವುದು ಮಳೆ ಶುರುವಾಗುವ ಏಪ್ರಿಲ್–ಮೇ ಹೊತ್ತಿಗೆ. ಗಬ್ಬ ಸುಮಾರು ಐದು ತಿಂಗಳು. ಒಂದು ಸೂಲಿಗೆ ಸರಾಸರಿ ನಾಲ್ಕು ಮರಿ, ಕೆಲವೊಮ್ಮೆ ಎಂಟು. ಹುಟ್ಟುವಾಗಲೇ ಒಂದೊಂದೂ ಒಂದೂವರೆ ಕಿಲೋದಷ್ಟು, ಕಣ್ಣು ಬಿಟ್ಟು, ಮೈತುಂಬ ಕೂದಲು ಹೊತ್ತು ಬರುತ್ತವೆ. ಅಂದರೆ ತಾಯಿ ಹೊಟ್ಟೆಯಲ್ಲಿ ಆರು ಕಿಲೋ ಮರಿಗಳನ್ನು ಬೆಳೆಸುವ ತಿಂಗಳುಗಳು ನೆಲವೆಲ್ಲ ಹಸಿರಾಗಿರುವ ತಿಂಗಳುಗಳೇ. ಸಾಕಿದಲ್ಲಿ ಆ ಹಸಿರನ್ನು ನಾವು ಕೊಡಬೇಕು, ಅದೂ ಐದು ತಿಂಗಳು ಬಿಡುವಿಲ್ಲದೆ.

ಪಟ್ಟಿಯಲ್ಲಿ ಇದ್ದದ್ದು, ಬಾಯಿಗೆ ಹೋದದ್ದು

ಗುಂಪಿನ ಮೇವಿನ ಪಟ್ಟಿ ಓದಿದರೆ ತಪ್ಪು ಹುಡುಕುವುದು ಕಷ್ಟ. ಒಣಹುಲ್ಲು, ಪೆಲೆಟ್, ತರಕಾರಿ, ಹಣ್ಣು, ಸ್ವಲ್ಪ ಬ್ರೆಡ್. ದಿನಕ್ಕೆ ಎರಡು ಸಲ. ಒಟ್ಟು ತೂಕವೂ ಐದು ಪ್ರಾಣಿಗಳಿಗೆ ಸಾಕಾಗುವಷ್ಟಿತ್ತು.

ಆದರೆ ಗೋದಲಿಯ ಹತ್ತಿರ ನಿಂತು ಸುಮ್ನೆ ನೋಡಿದರೆ ಬೇರೆಯದೇ ಕಾಣುತ್ತಿತ್ತು. ಗೋದಲಿ ಇದ್ದದ್ದು ಒಂದೇ, ಗೋಡೆಗೆ ಒತ್ತಿಕೊಂಡು. ಮೇವು ಸುರಿದ ತಕ್ಷಣ ಹಿರಿಯ ಹೆಣ್ಣು ಬಂದು ಅಡ್ಡಲಾಗಿ ನಿಲ್ಲುತ್ತದೆ. ಅದರ ಪಕ್ಕ ಗಂಡಿಗೆ ಜಾಗ ಸಿಗುತ್ತದೆ. ಎರಡೂ ಮೊದಲು ಬ್ರೆಡ್ ಆರಿಸುತ್ತವೆ, ಆಮೇಲೆ ಬಾಳೆಹಣ್ಣು, ಸೇಬು, ಆಮೇಲೆ ಪೆಲೆಟ್. ನಡುವಿನ ಹೆಣ್ಣು ತುದಿಯಿಂದ ಕತ್ತು ಚಾಚಿ ಸಿಕ್ಕಷ್ಟು ತಿನ್ನುತ್ತದೆ. ಕೊನೆಯ ಹೆಣ್ಣು ಕೊಳದ ಅಂಚಿನಲ್ಲಿ ಕೂತು ಕಾಯುತ್ತದೆ. ಒಂದೆರಡು ಹೆಜ್ಜೆ ಮುಂದೆ ಬಂದರೆ ಹಿರಿಯ ಹೆಣ್ಣು ಹಲ್ಲು ಕಟಕಟ ಅನ್ನಿಸುತ್ತದೆ, ಅದು ಹಾಗೇ ಹಿಂದೆ ಸರಿಯುತ್ತದೆ. ಅದರ ಪಾಲಿಗೆ ಉಳಿಯುವುದು ಕೋಸಿನ ದಂಟು ಮತ್ತು ತುಳಿದು ಒದ್ದೆಯಾದ ಒಣಹುಲ್ಲು. ಎಳೆಯ ಹೆಣ್ಣು ಅದರ ಜೊತೆಗೇ.

ಸರಾಸರಿ ತೆಗೆದರೆ ಎಲ್ಲವೂ ಹೊಟ್ಟೆ ತುಂಬ ತಿಂದಿವೆ. ಒಂದೊಂದಾಗಿ ನೋಡಿದರೆ ನಾಲ್ಕು ಹೆಣ್ಣುಗಳು ನಾಲ್ಕು ಬೇರೆ ಬೇರೆ ಊಟ ಮಾಡಿವೆ. ಮರಿ ಆಗದಿದ್ದಕ್ಕೆ ನಾಲ್ಕಕ್ಕೂ ಬೇರೆ ಬೇರೆ ಕಾರಣ. ಗುಂಪಿಗೆ ಒಂದೇ ರೋಗ ಹುಡುಕುತ್ತಿದ್ದವರಿಗೆ ಏನೂ ಸಿಗದಿದ್ದದ್ದು ಇದಕ್ಕೇ.

ಎರಡನೆಯ ಸುಳಿವು ಸಿಕ್ಕಿದ್ದು ಉಗ್ರಾಣದಲ್ಲಿ. ಪಟ್ಟಿಯಲ್ಲಿ ಬರೆದದ್ದು ಗಿನಿಪಿಗ್ ಪೆಲೆಟ್. ಅದಕ್ಕೆ ವಿಟಮಿನ್ ಸಿ ಸೇರಿಸಿರುತ್ತಾರೆ. ಆದರೆ ಅದು ಮುಗಿದಾಗಲೆಲ್ಲ ಮೊಲದ ಪೆಲೆಟ್ ಬಂದಿತ್ತು. ಎರಡೂ ನೋಡಲು ಒಂದೇ ಥರ, ಹಸಿರು ಬಣ್ಣದ ಪುಟ್ಟ ಕಡ್ಡಿಗಳು. ಮೊಲ ತನಗೆ ಬೇಕಾದ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳುತ್ತದೆ. ಹಾಗಾಗಿ ಅದರ ಪೆಲೆಟ್‌ಗೆ ಸೇರಿಸುವ ಅಗತ್ಯ ತಯಾರಕರಿಗೆ ಇರುವುದಿಲ್ಲ. ಮೂಲೆಯಲ್ಲಿದ್ದ ಗಿನಿಪಿಗ್ ಪೆಲೆಟ್ ಚೀಲವೂ ಹಳೆಯದು, ಬಾಯಿ ತೆರೆದೇ ಇತ್ತು. ಸ್ಥಿರಗೊಳಿಸದ ವಿಟಮಿನ್ ಸಿ ಮೂರು ತಿಂಗಳಲ್ಲಿ ಅರ್ಧದಷ್ಟು ಹಾಳಾಗಬಹುದು. ಸೆಕೆ, ತೇವ, ಬೆಳಕು ಇದ್ದರೆ ಇನ್ನೂ ಬೇಗ.

ಹಣ್ಣು ತರಕಾರಿಯಿಂದ ಆ ಕೊರತೆ ತುಂಬಬಹುದಲ್ಲ ಎಂದು ಕೇಳಬಹುದು. ಯಾವ ಹಣ್ಣು, ಯಾವ ತರಕಾರಿ ಎಂಬುದರ ಮೇಲಿದೆ. 100 ಗ್ರಾಂ ಸೇಬಿನಲ್ಲಿ ವಿಟಮಿನ್ ಸಿ ಇರುವುದು 5 ಮಿಲಿಗ್ರಾಂ ಆಸುಪಾಸು. ಕ್ಯಾರೆಟ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದೇ ತೂಕದ ಬ್ರೊಕೊಲಿಯಲ್ಲಿ 90ರ ಹತ್ತಿರ, ಕೆಂಪು ದೊಣ್ಣೆಮೆಣಸಿನಕಾಯಿಯಲ್ಲಿ 120ಕ್ಕೂ ಜಾಸ್ತಿ. ಈ ಗುಂಪಿಗೆ ಬರುತ್ತಿದ್ದದ್ದು ಸೇಬು, ಕ್ಯಾರೆಟ್, ಬಾಳೆಹಣ್ಣು. ಸಿಹಿ ಬೇಕಾದಷ್ಟು, ವಿಟಮಿನ್ ಅತ್ಯಲ್ಪ.

ನಾಲ್ಕು ಹೆಣ್ಣುಗಳ ಕಥೆ

ಹಿರಿಯ ಹೆಣ್ಣಿನದು ಬೊಜ್ಜು. ಮೈ ಮುಟ್ಟಿ ನೋಡಿದರೆ ಪಕ್ಕೆಲುಬು ಕೈಗೆ ಸಿಗಲಿಲ್ಲ. ಹುಲ್ಲು ಅರಗಿಸಲೆಂದೇ ಇರುವ ಹೊಟ್ಟೆಗೆ ಪಿಷ್ಟ, ಸಕ್ಕರೆ ಹೋದರೆ ಎರಡು ಕೆಡುಕು. ಸೀಕಮ್‌ನ ಸೂಕ್ಷ್ಮಜೀವಿಗಳ ಸಮತೋಲ ತಪ್ಪುತ್ತದೆ, ಕೊಬ್ಬು ಸೇರುತ್ತದೆ. ಕೊಬ್ಬಿದ ಹೆಣ್ಣಿನಲ್ಲಿ ಗಬ್ಬ ನಿಲ್ಲುವುದೂ ಕಷ್ಟ, ನಿಂತರೆ ಈಯುವುದೂ ಕಷ್ಟ. ಸತ್ತ ಮರಿಗಳನ್ನು ಈದದ್ದು ಇದೇ ಹೆಣ್ಣು. ಹೆರಿಗೆ ತುಂಬಾ ಹೊತ್ತು ಎಳೆದಿತ್ತು. ಮರಿಗಳಲ್ಲಿ ಬೇರೆ ದೋಷ ಕಾಣಲಿಲ್ಲ. ಬೊಜ್ಜಿನ ಗಿನಿಪಿಗ್‌ಗಳಲ್ಲಿ ಗಬ್ಬದ ಕೊನೆಯ ವಾರಗಳಲ್ಲಿ ಒಂದು ಮಾರಕ ತೊಂದರೆ ಬರುತ್ತದೆ. ತಾಯಿ ಇದ್ದಕ್ಕಿದ್ದ ಹಾಗೆ ಮೇವು ಬಿಡುತ್ತದೆ, ಮೈಯ ಕೊಬ್ಬು ವೇಗವಾಗಿ ಕರಗಿ ಅದರಿಂದ ಹುಟ್ಟುವ ಕೀಟೋನ್ ಎಂಬ ವಸ್ತು ರಕ್ತದಲ್ಲಿ ಏರುತ್ತದೆ, ಕೆಲವೇ ದಿನಗಳಲ್ಲಿ ತಾಯಿಯೇ ಸಾಯಬಹುದು. ಕ್ಯಾಪಿಬಾರಾದಲ್ಲೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಡೆಯಬೇಕು. ಅದಕ್ಕಾಗಿ ತೂಕ ಇಳಿಸುವುದಿದ್ದರೆ ಗಬ್ಬಕ್ಕೆ ಮುಂಚೆ ಇಳಿಸಬೇಕು. ಗಬ್ಬದ ಹೆಣ್ಣು ದಪ್ಪಗಿದೆ ಎಂದು ಮೇವು ಕಡಿಮೆ ಮಾಡುವುದು ಅಪಾಯವನ್ನು ಕೈಯಾರೆ ಕರೆದಂತೆ.

ನಡುವಿನ ಹೆಣ್ಣು ನೋಡಲು ಎಲ್ಲಕ್ಕಿಂತ ಚೆನ್ನಾಗಿತ್ತು. ಮೈತೂಕ ಸರಿ, ಓಡಾಟ ಸರಿ. ಕಂದು ಹಾಕಿದ್ದು ಇದೇ. ಪಶುವೈದ್ಯರು ತುಟಿ ಎತ್ತಿ ನೋಡಿದಾಗ ವಸಡು ಕೆಂಪಾಗಿ ಉಬ್ಬಿತ್ತು, ಹತ್ತಿಯಿಂದ ಮೆಲ್ಲಗೆ ಒತ್ತಿದರೂ ರಕ್ತ ಅಂಟಿತು. ಕೆಳಗಿನ ಒಂದು ಬಾಚಿಹಲ್ಲಿನ ತುದಿ ಚಕ್ಕೆ ಎದ್ದಿತ್ತು. ಇವು ಸ್ಕರ್ವಿಯ ಗುರುತುಗಳು. ಹೊರಗೆ ಇಷ್ಟು ಕಾಣುವ ಹೊತ್ತಿಗೆ ಒಳಗೆ ಆಗುವುದೇ ಬೇರೆ. ಕಾಲಜನ್ ಎಂಬ ನಾರು ಗಟ್ಟಿಯಾಗಲು ವಿಟಮಿನ್ ಸಿ ಬೇಕು. ರಕ್ತನಾಳದ ಗೋಡೆ, ಗರ್ಭಕೋಶ, ಮಾಸು, ಮರಿಯ ಎಲುಬು, ಎಲ್ಲಕ್ಕೂ ಆ ನಾರೇ ಆಧಾರ. ಗಬ್ಬವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ತಯಾರಾಗುವ ಅಂಡಾಶಯದ ಭಾಗದಲ್ಲೂ ಈ ವಿಟಮಿನ್ ದಟ್ಟವಾಗಿರುತ್ತದೆ.

ಈಗ ಕಾಲದ ಲೆಕ್ಕ ನೋಡಿ. ವಿಟಮಿನ್ ಸಿ ಪೂರ್ತಿ ನಿಂತರೆ ಗಿನಿಪಿಗ್‌ನಲ್ಲಿ ಎರಡು ಮೂರು ವಾರದೊಳಗೆ ರೋಗದ ಲಕ್ಷಣ ಬರುತ್ತದೆ. ಮೈಯಲ್ಲಿ ಕೂಡಿಟ್ಟದ್ದು ಅಷ್ಟೇ ದಿನಕ್ಕೆ. ಕ್ಯಾಪಿಬಾರಾ ಇನ್ನಷ್ಟು ದಿನ ತಾಳಬಹುದು, ಆದರೆ ಗಬ್ಬ ಐದು ತಿಂಗಳಿನದು. ಈ ಉದ್ದದ ನಡುವೆ ಒಂದು ತಿಂಗಳು ಮೊಲದ ಪೆಲೆಟ್ ಬಂದರೂ ಮರಿಗೆ ಪೆಟ್ಟು. ಈ ಹೆಣ್ಣು ಕಂದು ಹಾಕಿದ ಹೊತ್ತನ್ನೂ ಪೆಲೆಟ್ ಬದಲಾದ ಹೊತ್ತನ್ನೂ ಉಗ್ರಾಣದ ಪುಸ್ತಕದಲ್ಲಿ ಹೊಂದಿಸಿ ನೋಡಿದಾಗ, ಬದಲಾವಣೆಯೇ ಮುಂಚೆ ಬಂದಿತ್ತು.

ಕೊನೆಯ ಹೆಣ್ಣಿಗೆ ಇದ್ದದ್ದು ಹಸಿವು. ಜೊತೆಗೆ ಹಲ್ಲು ನೋವು. ಅರಿವಳಿಕೆ ಕೊಟ್ಟು ಬಾಯಿ ತೆರೆದಾಗ ದವಡೆ ಹಲ್ಲಿನ ಅಂಚು ನಾಲಿಗೆಯ ಬದಿಯಲ್ಲಿ ಹುಣ್ಣು ಮಾಡಿತ್ತು. ಒಳ್ಳೆಯ ಒಣಹುಲ್ಲು ಸಿಗದೆ ಮೆತ್ತನೆಯ ದಂಟು ತಿಂದಿದ್ದರಿಂದ ಹಲ್ಲು ಸವೆದಿಲ್ಲ. ಹಲ್ಲು ಚುಚ್ಚುವುದರಿಂದ ಒರಟು ಹುಲ್ಲು ಈಗ ಅಗಿಯಲಾಗದು. ಒಂದು ಇನ್ನೊಂದನ್ನು ಎಳೆದು ತರುತ್ತದೆ. ಇಷ್ಟು ಸೊರಗಿದ ಮೈ ಬೆದೆಗೆ ಬರುವುದಿಲ್ಲ. ಉಳಿದ ಕಸುವೆಲ್ಲ ಜೀವ ಹಿಡಿದುಕೊಳ್ಳಲು ಖರ್ಚಾಗುತ್ತದೆ.

ಎಳೆಯ ಹೆಣ್ಣಿನದು ಸರಳ. ಕ್ಯಾಪಿಬಾರಾ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ. ಆದರೆ ಅದನ್ನು ನಿರ್ಧರಿಸುವುದು ವಯಸ್ಸಿಗಿಂತ ಮೈತೂಕ. 30 ಕಿಲೋ ದಾಟದ ಹೆಣ್ಣಿನಿಂದ ಮರಿ ನಿರೀಕ್ಷಿಸುವುದು ತಪ್ಪು.

ಏನು ಬದಲಿಸಿದರು

ಮೊದಲು ಬದಲಾದದ್ದು ಗೋದಲಿ. ಒಂದಿದ್ದದ್ದು ಆರಾಯಿತು. ಪ್ರಾಣಿಗಳ ಸಂಖ್ಯೆಗಿಂತ ಒಂದು ಹೆಚ್ಚು, ಒಂದರಿಂದ ಇನ್ನೊಂದು ಕಾಣದ ಹಾಗೆ ಗಿಡ, ಬಂಡೆಗಳ ಮರೆಯಲ್ಲಿ. ಹಿರಿಯ ಹೆಣ್ಣು ಒಂದನ್ನು ಕಾಯಬಲ್ಲದು, ಆರನ್ನು ಕಾಯಲಾಗದು. ಖರ್ಚು ಅತಿ ಕಡಿಮೆ ಇದ್ದ ಬದಲಾವಣೆ ಇದು. ನನಗೆ ಕೇಳಿದರೆ ಅತಿ ದೊಡ್ಡದೂ ಇದೇ.

ಬ್ರೆಡ್ ನಿಂತಿತು. ಹಣ್ಣು ತರಬೇತಿಯ ಬಹುಮಾನಕ್ಕೆ ಮಾತ್ರ, ಬೆರಳಿನಷ್ಟು ತುಂಡು. ಒಳ್ಳೆಯ ಒಣಹುಲ್ಲು ಹಗಲು ರಾತ್ರಿ ಖಾಲಿಯಾಗದಂತೆ ಇಟ್ಟರು. ಹಸಿಹುಲ್ಲು ಕೊಯ್ದು ಹಾಕುವುದು ದಿನಚರಿಯಾಯಿತು. ಮೇವಿನ ಬಹುಪಾಲು ಹುಲ್ಲೇ ಆಗುವಂತೆ ನೋಡಿಕೊಂಡರು. ಇದೆಲ್ಲ ಒಂದೇ ದಿನಕ್ಕೆ ಆಗಲಿಲ್ಲ, ಆಗಲೂಬಾರದು. ಸೀಕಮ್‌ನ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಲು ಸಮಯ ಬೇಕು. ಹಳೆಯದನ್ನು ದಿನದಿನಕ್ಕೆ ಇಳಿಸುತ್ತ, ಹೊಸದನ್ನು ಏರಿಸುತ್ತ ಹೋದರು, ಹಿಕ್ಕೆಯ ಗಟ್ಟಿತನ ನೋಡಿಕೊಂಡು.

ಬೆಳಗಿನ ಜಾವವೇ ಪೈಪಿನಿಂದ ನೀರು ಬಿಟ್ಟು ತೊಳೆಯುವ ಅಭ್ಯಾಸವಿತ್ತು. ಅದನ್ನು ಮುಂದಕ್ಕೆ ಹಾಕಿದರು. ಮೆತ್ತನೆಯ ಹಿಕ್ಕೆ ತಿನ್ನುವ ಹೊತ್ತು ಪ್ರಾಣಿಗಳು ನೆಮ್ಮದಿಯಿಂದ ಮಲಗಿರಬೇಕು.

ವಿಟಮಿನ್ ಸಿ ಎಷ್ಟು ಕೊಡಬೇಕು? ಗಿನಿಪಿಗ್‌ಗೆ ಹೇಳುವ ಪ್ರಮಾಣ ಪ್ರತಿ ಕಿಲೋ ಮೈತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ, ಗಬ್ಬದಲ್ಲಿ 20ರಿಂದ 30. 50 ಕಿಲೋ ಹೆಣ್ಣಿಗೆ ಗುಣಿಸಿದರೆ ಸಾಮಾನ್ಯ ದಿನಗಳಲ್ಲಿ ಅರ್ಧ ಗ್ರಾಂ, ಗಬ್ಬದಲ್ಲಿ ಒಂದರಿಂದ ಒಂದೂವರೆ ಗ್ರಾಂ. ದೊಡ್ಡ ಪ್ರಾಣಿಗೆ ಕಿಲೋ ಲೆಕ್ಕದಲ್ಲಿ ಸಾಮಾನ್ಯವಾಗಿ ಕಡಿಮೆ ಸಾಕಾಗುತ್ತದೆ, ಹಾಗಾಗಿ ಇದು ಸ್ವಲ್ಪ ಧಾರಾಳದ ಅಂದಾಜು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಕಡಿಮೆಯಾದರೆ ಮರಿ ಹೋಗುತ್ತದೆ. ಇಲ್ಲಿ ಧಾರಾಳವೇ ವಾಸಿ. ನೀರಿಗೆ ಬೆರೆಸುವ ಯೋಚನೆ ಬಂದಿತ್ತು, ಬಿಟ್ಟರು. ನೀರಿನಲ್ಲಿ ಅದು ಬೇಗ ಕೆಡುತ್ತದೆ, ಮೇಲಾಗಿ ಇವು ಕೊಳದ ನೀರು ಕುಡಿಯುವ ಪ್ರಾಣಿಗಳು. ಮಾತ್ರೆಯನ್ನು ಬಾಳೆಹಣ್ಣಿನ ತುಂಡಿನಲ್ಲಿ ಇಟ್ಟು, ಒಂದೊಂದಕ್ಕೂ ಕೈಯಾರೆ ತಿನ್ನಿಸಿದರು. ಆಗ ಯಾವುದು ತಿಂದಿತು, ಯಾವುದು ಬಿಟ್ಟಿತು ಎಂಬುದು ಖಚಿತ. ಇದರ ಮೇಲೆ ಬ್ರೊಕೊಲಿ, ದೊಣ್ಣೆಮೆಣಸಿನಕಾಯಿ, ಹಸಿ ಸೊಪ್ಪು. ಪೆಲೆಟ್ ಚೀಲದ ಮೇಲೆ ತಯಾರಾದ ದಿನಾಂಕವನ್ನು ದೊಡ್ಡದಾಗಿ ಬರೆದು ಅಂಟಿಸುವ ನಿಯಮವೂ ಬಂತು.

ಕುದುರೆ ಮಸಾಲೆ ಹುಲ್ಲಿನ ಬಗ್ಗೆ ಚರ್ಚೆ ನಡೆಯಿತು. ಅದರಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಜಾಸ್ತಿ. ಗಬ್ಬದ, ಹಾಲೂಡುವ, ಬೆಳೆಯುವ ಪ್ರಾಣಿಗೆ ಒಳ್ಳೆಯದು. ಸುಮ್ಮನಿರುವ ದೊಡ್ಡ ಪ್ರಾಣಿಗೆ ದಿನವೂ ಕೊಟ್ಟರೆ ಬೊಜ್ಜು ಬರಬಹುದು, ಗಿನಿಪಿಗ್‌ಗಳಲ್ಲಿ ಕಾಣುವ ಹಾಗೆ ಮೂತ್ರದ ಕಲ್ಲಿನ ಭಯವೂ ಇದೆ. ಎಳೆಯ ಹೆಣ್ಣಿಗೂ ಗಬ್ಬ ಖಚಿತವಾದ ಹೆಣ್ಣಿಗೂ ಮಾತ್ರ ಕೊಡುವುದೆಂದು ತೀರ್ಮಾನವಾಯಿತು.

ಎಲ್ಲ ಪ್ರಾಣಿಗಳಿಗೂ ತೂಕದ ಹಲಗೆ ಹತ್ತುವ ತರಬೇತಿ ಕೊಟ್ಟರು. ಕ್ಯಾಪಿಬಾರಾ ಇದನ್ನು ಬೇಗ ಕಲಿಯುತ್ತದೆ. ಗಬ್ಬವನ್ನು ಮೊದಲೇ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಏರುವ ತೂಕ ಕಂಡ ಮೇಲೆ ಅಲ್ಟ್ರಾಸೌಂಡ್ ಮಾಡಿದರಾಯಿತು.

ಆಮೇಲೆ ಆದದ್ದು

ಮೊದಲು ವಾಸಿಯಾದದ್ದು ವಸಡು. ಕೆಲವೇ ವಾರಗಳಲ್ಲಿ ನಡುವಿನ ಹೆಣ್ಣಿನ ಬಾಯಿ ಗುಲಾಬಿ ಬಣ್ಣಕ್ಕೆ ತಿರುಗಿತು. ರೋಗ ಸ್ಕರ್ವಿಯೇ ಎನ್ನಲು ನಾನು ಹೆಚ್ಚು ನಂಬುವುದು ಈ ಗುರುತನ್ನೇ. ರಕ್ತದಲ್ಲಿ ವಿಟಮಿನ್ ಸಿ ಅಳೆಯಬಹುದು, ಆದರೆ ಮಾದರಿಯನ್ನು ತಕ್ಷಣ ತಣ್ಣಗೆ, ಕತ್ತಲಲ್ಲಿ ಇಡದಿದ್ದರೆ ಅದು ಕೊಳವೆಯಲ್ಲೇ ಹಾಳಾಗಿ ಸುಳ್ಳು ಅಂಕಿ ಕೊಡುತ್ತದೆ.

ಇದೇ ಹೆಣ್ಣು ಮುಂದೆ ಗಬ್ಬ ಕಟ್ಟಿ, ದಿನ ತುಂಬಿಸಿ, ಜೀವಂತ ಮರಿಗಳನ್ನು ಈದಿತು. ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಿಂತವು. ಒಂದು ವಾರ ಆಗುವುದರೊಳಗೆ ಹುಲ್ಲಿನ ಎಸಳು ಕಚ್ಚತೊಡಗಿದವು. ಎಳೆಯ ಹೆಣ್ಣು ತೂಕ ಹಿಡಿದು, ಗಂಡಿನ ಜೊತೆ ನೀರಿಗಿಳಿಯುವುದು ಕಂಡಿತು. ಹಿರಿಯ ಹೆಣ್ಣಿನ ತೂಕ ನಿಧಾನವಾಗಿ ಇಳಿಯುತ್ತಿದೆ. ಅದು ಮತ್ತೆ ಗಬ್ಬ ಕಟ್ಟದಂತೆ ಸದ್ಯ ಗಂಡಿನಿಂದ ದೂರ ಇಟ್ಟಿದ್ದಾರೆ. ಒಳ್ಳೆಯ ನಿರ್ಧಾರ.

ಕೊನೆಯ ಹೆಣ್ಣಿನ ಹಲ್ಲು ಸವರಿದ ಮೇಲೆ ಹುಣ್ಣು ಮಾಯಿತು, ಮೈ ತುಂಬಿತು. ಬೆದೆಯ ಲಕ್ಷಣ ಮಾತ್ರ ಇನ್ನೂ ಇಲ್ಲ. ಗುಂಪಿನಲ್ಲಿ ಕೆಳಗಿನ ಸ್ಥಾನದ ಒತ್ತಡವೂ ಅದಕ್ಕೆ ಕಾರಣವಾಗಿರಬಹುದು. ಮೇವು ಅದನ್ನು ಸರಿಪಡಿಸಲಾರದು.

ಈ ಫಲಿತಾಂಶವನ್ನು ಎಷ್ಟರಮಟ್ಟಿಗೆ ಒಪ್ಪಬೇಕು? ಗೋದಲಿ, ಹುಲ್ಲು, ವಿಟಮಿನ್, ತೊಳೆಯುವ ಹೊತ್ತು ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೆ ಬದಲಾದವು. ಯಾವುದರಿಂದ ಎಷ್ಟು ಗುಣವಾಯಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಸಂಶೋಧನೆಯಾಗಿದ್ದರೆ ಒಂದೊಂದನ್ನೇ ಬದಲಿಸಬೇಕಿತ್ತು. ಆದರೆ ವಸಡಿನಲ್ಲಿ ರಕ್ತ ಬರುವ ಪ್ರಾಣಿಯನ್ನು ಹಾಗೇ ಬಿಟ್ಟು ಹೋಲಿಸಿ ನೋಡುವುದು ಸರಿಯೇ? ಇಲ್ಲಿ ಚಿಕಿತ್ಸೆ ಮೊದಲು.

ಈಗ ಪಾಲಕರ ಗಮನವೆಲ್ಲ ಹಾಲೂಡುವ ತಿಂಗಳುಗಳ ಮೇಲೆ. ಮರಿಗಳು ಸುಮಾರು ನಾಲ್ಕು ತಿಂಗಳು ಹಾಲು ಕುಡಿಯುತ್ತವೆ. ಕ್ಯಾಪಿಬಾರಾ ಮರಿಗಳು ತಮ್ಮ ತಾಯಿಯ ಹತ್ತಿರ ಮಾತ್ರ ಹೋಗುವುದಿಲ್ಲ, ಹಾಲಿರುವ ಬೇರೆ ಹೆಣ್ಣಿಗೂ ಬಾಯಿ ಹಾಕುತ್ತವೆ. ಈ ಗುಂಪಿನಲ್ಲಿ ಸದ್ಯ ಹಾಲಿರುವುದು ಒಂದಕ್ಕೇ, ಹಾಗಾಗಿ ಹೊರೆಯೆಲ್ಲ ಅದರದೇ. ಹಾಲಿನಲ್ಲಿ ಮರಿಗೆ ವಿಟಮಿನ್ ಸಿ ಹೋಗಬೇಕಾದರೆ ತಾಯಿಯ ಮಾತ್ರೆ ನಿಲ್ಲಬಾರದು. ಮರಿಗಳಿಗೆಂದು ಸಣ್ಣ ಕಿಂಡಿಯ ಬೇಲಿ ಕಟ್ಟಿ, ದೊಡ್ಡವು ನುಗ್ಗಲಾಗದ ಜಾಗದಲ್ಲಿ ಎಳೆಹುಲ್ಲು, ಹೊಸ ಪೆಲೆಟ್ ಇಡುತ್ತಿದ್ದಾರೆ. ಎಳೆಯ ಹೆಣ್ಣಿನ ತೂಕ ಏರುತ್ತಿದೆ. ಮುಂದಿನ ಅಲ್ಟ್ರಾಸೌಂಡ್ ಅದಕ್ಕೇ.